ಅಡುಗೆ ಕಟ್ಟೆ ಹಿಂದಿನ ಗೋಡೆಗೆ ಯಾವ ಟೈಲ್ಸ್? ಮೂರು ಸ್ಯಾಂಪಲ್ ಮುಂದಿಟ್ಟುಕೊಂಡು ಕೂತಿದ್ದೇನೆ

ಕಾಫಿ ಡಬರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು 1996ರಲ್ಲಿ ಮಾವ ಕಟ್ಟಿಸಿದ ಮನೆ. ಈ ವರ್ಷ ಧೈರ್ಯ ಮಾಡಿ ಅಡುಗೆಮನೆ ಪೂರ್ತಿ ಬಿಚ್ಚಿಸಿದೆವು. ಹಳೇ ಕಡಪ ಕಲ್ಲು ಹೋಗಿ ಕರಿ ಗ್ರಾನೈಟ್ ಬಂದಿದೆ. ಕೆಳಗಿನ ಕಪಾಟುಗಳಿಗೆ ತಿಳಿ ಹಸಿರು ಲ್ಯಾಮಿನೇಟ್, ಮೇಲಿನವಕ್ಕೆ ಬಿಳಿ. ಇನ್ನು ಉಳಿದಿರುವುದು ಕಟ್ಟೆಗೂ ಮೇಲಿನ ಕಪಾಟಿಗೂ ನಡುವಿನ ಎರಡು ಅಡಿ ಗೋಡೆ. ಮೂರು ವಾರದಿಂದ ಅದೊಂದು ತೀರ್ಮಾನ ಆಗುತ್ತಿಲ್ಲ.

ಕಟ್ಟೆ ಎಲ್ ಆಕಾರದಲ್ಲಿದೆ. ಒಲೆ ಇರುವ ಗೋಡೆ 9 ಅಡಿ, ಸಿಂಕ್ ಇರುವ ಗೋಡೆ 6 ಅಡಿ. ಒಲೆಯ ಎದುರು ಗೋಡೆಯಲ್ಲಿ ಪೂರ್ವಕ್ಕೆ ಕಿಟಕಿ. ಬೆಳಗಿನ ಬಿಸಿಲು ನೇರ ಒಲೆ ಹಿಂದೆ ಬೀಳುತ್ತದೆ.

ಅಂಗಡಿಯಿಂದ ಮೂರು ಸ್ಯಾಂಪಲ್ ತಂದಿದ್ದೇನೆ. ಒಂದು, 300x600 ಮಿಲಿಮೀಟರಿನ ದಂತದ ಬಣ್ಣದ ಗ್ಲಾಸಿ (ಹೊಳಪಿನದು), ಪ್ಲೇನ್. ಎರಡನೆಯದು 3 ಇಂಚು 6 ಇಂಚಿನ ಚಿಕ್ಕದು. ಅಂಚು ಸ್ವಲ್ಪ ಏರುಪೇರು, ಮೇಲ್ಮೈ ಅಲೆಅಲೆ, ಕೈಯಲ್ಲಿ ಮಾಡಿದ ಹಾಗೆ ಕಾಣುತ್ತದೆ. ಮೂರನೆಯದು ನೀಲಿ ಬೂದು ಚಿತ್ತಾರದ ಮ್ಯಾಟ್ (ಹೊಳಪಿಲ್ಲದ್ದು). ನನ್ನ ಮನಸ್ಸು ಎರಡನೆಯದರ ಮೇಲಿದೆ. ಯಜಮಾನರು ಗ್ರಾನೈಟನ್ನೇ ಗೋಡೆಗೂ ಏರಿಸೋಣ ಎನ್ನುತ್ತಾರೆ. ಅತ್ತೆ ಒಂದೇ ಮಾತು ಹೇಳಿದರು: "ಒಗ್ಗರಣೆ ಸಿಡಿದರೆ ಯಾವುದು ಒಂದು ಸಲಕ್ಕೆ ಒರೆಸಿ ಹೋಗುತ್ತೋ ಅದನ್ನ ಹಾಕಿಸು." ನಮ್ಮಲ್ಲಿ ದಿನಾ ಸಾರು, ದಿನಾ ಒಗ್ಗರಣೆ. ಚಿಮಣಿ ಇದೆ. ಆದರೂ ಅವರ ಮಾತು ತಲೆಯಿಂದ ಹೋಗುತ್ತಿಲ್ಲ. ಅನುಭವ ಇರುವವರು ಹೇಳಿ.

ತೂಗುಮಂಚ, ಬೆಂಗಳೂರು

ಡಬರಿ ಅವರೇ, ನಿಮ್ಮ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಉತ್ತರ ಟೈಲ್ಸ್‌ನಲ್ಲಿ ಇಲ್ಲ, ಎರಡು ಟೈಲ್ಸ್ ನಡುವಿನ ಜಾಯಿಂಟ್‌ನಲ್ಲಿದೆ. ನಾನು ಇದನ್ನು ಕಲಿತಿದ್ದು ದುಡ್ಡು ಕೊಟ್ಟು. ನಾವೂ ಚಿಕ್ಕ ಬಿಳಿ ಟೈಲ್ಸ್ ಹಾಕಿಸಿದ್ದೆವು. ಕೆಲಸದವರು ಜಾಯಿಂಟಿಗೆ ಬಿಳಿ ಸಿಮೆಂಟ್ ತುಂಬಿ ಹೋದರು. ಒಂದು ವರ್ಷದೊಳಗೆ ಒಲೆ ಹಿಂದಿನ ಗೆರೆಗಳೆಲ್ಲ ಹಳದಿ. ಆಮೇಲೆ ಕಂದು. ಟೈಲ್ಸ್ ಮಾತ್ರ ಇವತ್ತಿಗೂ ಹೊಸದರಂತೆ ಇದೆ. ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಎಷ್ಟು ಭಾನುವಾರ ಕಳೆದಿದ್ದೇನೋ.

ಒಂದು ಲೆಕ್ಕ ಹಾಕಿ ನೋಡಿ. 3x6 ಇಂಚಿನ ಟೈಲ್ಸ್ ಒಂದು ಚದರ ಅಡಿಗೆ 8 ಬೇಕು. ಪ್ರತಿಯೊಂದಕ್ಕೂ ಒಂದು ಉದ್ದದ ಗೆರೆ, ಒಂದು ಅಡ್ಡದ ಗೆರೆ ಅಂತ ಹಿಡಿದರೆ 9 ಇಂಚು. ಅಂದರೆ ಚದರ ಅಡಿಗೆ 6 ಅಡಿ ಜಾಯಿಂಟ್. ನಿಮ್ಮದು 15 ಅಡಿ ಉದ್ದ, 2 ಅಡಿ ಎತ್ತರ, ಒಟ್ಟು 30 ಚದರ ಅಡಿ. ಜಾಯಿಂಟೇ 180 ಅಡಿ ಆಗುತ್ತದೆ! ಅದೇ 300x600 ಟೈಲ್ಸನ್ನು ನಿಲ್ಲಿಸಿ ಹಾಕಿದರೆ ಒಂದೇ ಟೈಲ್ ಕಟ್ಟೆಯಿಂದ ಕಪಾಟಿನವರೆಗೆ ಹೋಗುತ್ತದೆ. ಅಡ್ಡ ಗೆರೆಯೇ ಇರುವುದಿಲ್ಲ. ನಿಂತ ಗೆರೆಗಳು ಒಟ್ಟು ಸುಮಾರು 30 ಅಡಿ ಅಷ್ಟೇ. ಒಗ್ಗರಣೆ ಸಿಡಿಯುವ ಕಡೆ ಈ ವ್ಯತ್ಯಾಸ ದೊಡ್ಡದು.

ದೂರದ ದೀಪ, ನ್ಯೂಜೆರ್ಸಿ

ಚಿಕ್ಕ ಟೈಲ್ಸ್ ಪರವಾಗಿ ನಾನೊಂದು ಮಾತು ಹೇಳುತ್ತೇನೆ. ಇಲ್ಲಿ ಇದನ್ನು ಸಬ್‌ವೇ ಟೈಲ್ ಎನ್ನುತ್ತಾರೆ. 1904ರಲ್ಲಿ ನ್ಯೂಯಾರ್ಕಿನ ನೆಲದಡಿಯ ರೈಲು ಶುರುವಾದಾಗ ನಿಲ್ದಾಣಗಳ ಗೋಡೆಗೆ ಬಿಳಿ ಹೊಳಪಿನ ಟೈಲ್ಸ್ ಹಾಕಿದ್ದರು. ನೆಲದಡಿಯ ಕತ್ತಲಲ್ಲಿ ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ತೊಳೆಯುವುದೂ ಸುಲಭ. ಹೆಸರು ಅಲ್ಲಿಂದಲೇ ಬಂತು.

ನಮ್ಮ ಅಡುಗೆಮನೆಯಲ್ಲಿ ಅದನ್ನು ಹಾಕಿಸಿ 8 ವರ್ಷ ಆಯಿತು. ನಾನೂ ದಿನಾ ಒಗ್ಗರಣೆ ಹಾಕುವವಳೇ. ಜಾಯಿಂಟಿಗೆ ಬಿಳಿ ಬೇಡ ಅಂತ ತಿಳಿ ಬೂದು ಬಣ್ಣ ಹಾಕಿಸಿದೆ. ಸಿಮೆಂಟ್ ಗ್ರೌಟ್ (ಜಾಯಿಂಟಿಗೆ ತುಂಬುವ ಮಿಶ್ರಣ) ಆದ್ದರಿಂದ, ಜಿಡ್ಡು ಒಳಗೆ ಇಳಿಯದ ಹಾಗೆ ವರ್ಷಕ್ಕೊಮ್ಮೆ ಮೇಲೆ ಸೀಲರ್ ಹಚ್ಚುತ್ತೇನೆ. ಒಂದು ಗಂಟೆಯ ಕೆಲಸ. ಬೆಳಗಿನ ಬಿಸಿಲು ಆ ಅಲೆಅಲೆ ಮೇಲ್ಮೈ ಮೇಲೆ ಬಿದ್ದಾಗ ಕಾಣುವ ಚಂದವೇ ಬೇರೆ. ಇಷ್ಟಪಟ್ಟಿದ್ದನ್ನು ಪೂರ್ತಿ ಕೈಬಿಡಬೇಡಿ ಅಕ್ಕ.

ಜೋಳದ ರೊಟ್ಟಿ, ಹುಬ್ಬಳ್ಳಿ

ಮೂರನೇದು, ಆ ಚಿತ್ತಾರದ ಮ್ಯಾಟ್, ಬ್ಯಾಡ್ರಿ ಅಕ್ಕಾರ. ನಮ್ಮ ಮನೆಯಲ್ಲಿ ಹಾಕಿಸಿದ್ದೇವೆ. ನೋಡಲು ಭಾಳ ಚಂದ. ಆದರೆ ಕೈ ಆಡಿಸಿದರೆ ಸಣ್ಣ ಸಣ್ಣ ಉಬ್ಬು ತಗ್ಗು ಸಿಗುತ್ತವೆ. ರೊಟ್ಟಿ ಬಡಿಯುವಾಗ ಏಳುವ ಹಿಟ್ಟು ಮೊದಲು ಹೋಗಿ ಅಲ್ಲಿ ಕೂರುತ್ತದೆ, ಅದರ ಮೇಲೆ ಎಣ್ಣೆ ಜಿಡ್ಡು. ಎರಡೂ ಸೇರಿದರೆ ಗೋಂದು ಆದ ಹಾಗೆ. ಬಿಸಿನೀರು, ಸೋಪು ಹಾಕಿ ತಿಕ್ಕಿದರೂ ತಗ್ಗಿನೊಳಗೆ ಉಳಿದೇ ಉಳಿಯುತ್ತದೆ. ಪೂಜಾ ಕೋಣೆಗೋ, ಊಟದ ಟೇಬಲ್ ಹಿಂದಿನ ಗೋಡೆಗೋ ಹಾಕಿಸಿದ್ದರೆ ಒಳ್ಳೆಯದಿತ್ತು ಅಂತ ಈಗ ಅನಿಸುತ್ತದೆ.

ಸುಣ್ಣದ ನೀರು, ತುಮಕೂರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತೂಗುಮಂಚ ಅವರು ಹೇಳಿದ ಜಾಯಿಂಟ್ ವಿಷಯಕ್ಕೆ ಕಾರಣ ನಮ್ಮ ಆರತಿ ತಟ್ಟೆಯಲ್ಲೇ ಇದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪು ಓಕುಳಿ ಆಗುತ್ತದೆ, ಅಲ್ವಾ? ಸಿಮೆಂಟಿನಲ್ಲೂ ಸುಣ್ಣದ ಗುಣವೇ ಇರುವುದು, ಹೊಸತರಲ್ಲಂತೂ ಇನ್ನೂ ಜಾಸ್ತಿ. ಒದ್ದೆ ಅರಿಶಿನ ಸಿಮೆಂಟ್ ಗ್ರೌಟಿಗೆ ತಾಗಿದರೆ ಹಳದಿ ಕಲೆ ಕೆಂಪಾಗಬಹುದು. ಜೊತೆಗೆ ಸಿಮೆಂಟಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಪಾಕ್ಸಿ ಗ್ರೌಟ್ ಅಂದರೆ ರಾಳದಂಥ ಅಂಟು, ಅದನ್ನು ಗಟ್ಟಿ ಮಾಡುವ ದ್ರಾವಣ ಮತ್ತು ನುಣ್ಣನೆಯ ಪುಡಿಯ ಮಿಶ್ರಣ. ಅದರಲ್ಲಿ ಆ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಒಂದು ಒಳ್ಳೆಯ ಸುದ್ದಿಯೂ ಇದೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಬಟ್ಟೆಗೆ ಆದ ಕಲೆಯನ್ನು ಬಿಸಿಲಿಗೆ ಹಾಕುತ್ತೇವಲ್ಲ, ಹಾಗೆ. ನಿಮ್ಮ ಒಲೆ ಹಿಂದಿನ ಗೋಡೆಗೆ ಬೆಳಗಿನ ಬಿಸಿಲು ಬೀಳುವುದು ನಿಜಕ್ಕೂ ಅನುಕೂಲ.

ನೀವು ಯಾರ ಮಾತನ್ನೂ ಸುಮ್ನೆ ನಂಬಬೇಡಿ. ಸ್ಯಾಂಪಲ್ ಕೈಯಲ್ಲಿದೆ. ಬಿಸಿ ಎಣ್ಣೆಗೆ ಅರಿಶಿನ ಹಾಕಿ ಮೂರರ ಮೇಲೂ ಒಂದೊಂದು ಚಮಚ ಬಿಡಿ. ಪಕ್ಕದಲ್ಲಿ ಗಟ್ಟಿ ಹುಣಸೆ ರಸ. ರಾತ್ರಿ ಇಟ್ಟು ಬೆಳಿಗ್ಗೆ ಒರೆಸಿ. ಸಾಧ್ಯವಾದರೆ ಮೇಸ್ತ್ರಿ ಹತ್ತಿರ ಎರಡು ಬಗೆಯ ಗ್ರೌಟೂ ಸ್ವಲ್ಪ ಕೇಳಿ ತನ್ನಿ. ಹಳೇ ಟೈಲ್ ಚೂರುಗಳ ನಡುವೆ ತುಂಬಿ, ಒಣಗಿಸಿ, ಅದಕ್ಕೂ ಹಾಕಿ ನೋಡಿ.

ಕಡಲ ತೆಂಗು, ಉಡುಪಿ

ಗಾಜಿನ ಬಗ್ಗೆ ಯಾರೂ ಹೇಳಲಿಲ್ಲ. ನಾವು ಹಿಂಬದಿಗೆ ಬಣ್ಣ ಹಚ್ಚಿದ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಹಾಕಿಸಿದ್ದೇವೆ, 8 ಮಿಲಿಮೀಟರ್. ಜಾಯಿಂಟೇ ಇಲ್ಲ. ತೆಂಗಿನೆಣ್ಣೆಯ ಜಿಡ್ಡು ಒಂದು ಒದ್ದೆ ಬಟ್ಟೆಗೆ ಹೋಗುತ್ತದೆ. ಆದರೆ ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ. ನಾವು ಮಿಕ್ಸಿಯ ಪ್ಲಗ್ ಜಾಗ ಆಮೇಲೆ ಬದಲಿಸಿದೆವು. ಆ ಒಂದು ತೂತಿಗಾಗಿ ಇಡೀ ಗಾಜು ಹೊಸದಾಗಿ ಮಾಡಿಸಬೇಕಾಯಿತು. ಟೈಲ್ಸ್ ಇರಲಿ, ಗಾಜಿರಲಿ, ಮಿಕ್ಸಿ, ಫಿಲ್ಟರ್, ಕುಕ್ಕರ್ ಎಲ್ಲಿ ಇಡುತ್ತೀರಿ ಅಂತ ಮೊದಲು ಸ್ವಿಚ್ ಜಾಗ ಗಟ್ಟಿ ಮಾಡಿಕೊಳ್ಳಿ.

ರಸಮಟ್ಟ, ರಾಮನಗರ

ನಮಸ್ಕಾರ ಮೇಡಂ. 22 ವರ್ಷದಿಂದ ಟೈಲ್ಸ್ ಕೆಲಸ ಮಾಡುತ್ತಿದ್ದೇನೆ. ಕಟ್ಟೆ ಹಿಂದಿನ ಈ ಗೋಡೆ ಟೈಲ್ಸಿಗೆ ನಮ್ಮ ಕಡೆ ಡ್ಯಾಡೋ ಅನ್ನುತ್ತೇವೆ. ಅಂಗಡಿಯಲ್ಲೂ ಕಿಚನ್ ಡ್ಯಾಡೋ ಅಂತ ಕೇಳಿ, ಬೇಗ ತೋರಿಸುತ್ತಾರೆ. ಟೈಲ್ಸ್ ಯಾವುದು ಅನ್ನುವುದಕ್ಕಿಂತ ಮೊದಲು ಕೆಲವು ವಿಷಯ ನೋಡಿಕೊಳ್ಳಿ.

300x600 ಅಂದರೆ ಅಡಿ ಲೆಕ್ಕದಲ್ಲಿ ಸರಿಯಾಗಿ 1x2 ಅಲ್ಲ. 600 ಮಿಲಿಮೀಟರ್ ಅಂದರೆ 23.6 ಇಂಚು. ನಿಮ್ಮ ಗ್ಯಾಪ್ ಪೂರ್ತಿ 24 ಇಂಚು ಇದ್ದರೆ ಮೇಲೆ ಒಂದು ಸೆಂಟಿಮೀಟರ್ ಉಳಿಯುತ್ತದೆ. ಅದನ್ನು ಕಪಾಟಿನ ಕೆಳಗಿನ ಪಟ್ಟಿಯೋ, ಲೈಟಿನ ಪ್ರೊಫೈಲೋ ಮುಚ್ಚಬೇಕು. ಕಾರ್ಪೆಂಟರ್‌ಗೆ ಈಗಲೇ ಹೇಳಿ.

ಆಮೇಲೆ ಚೂರಿನ ವಿಷಯ. 9 ಅಡಿ ಗೋಡೆಗೆ ಒಂದು ಮೂಲೆಯಿಂದ ಶುರು ಮಾಡಿದರೆ 9 ಟೈಲ್ಸ್ ಆದಮೇಲೆ ಕೊನೆಗೆ ಒಂದು ಇಂಚಿನ ಚೂರು ಬರುತ್ತದೆ. ಜೀವಮಾನ ಪೂರ್ತಿ ಕಣ್ಣಿಗೆ ಚುಚ್ಚುತ್ತದೆ. ಗೋಡೆಯ ಮಧ್ಯಕ್ಕೆ ಗುರುತು ಹಾಕಿ ಎರಡೂ ಕಡೆಗೆ ನಾಲ್ಕು ನಾಲ್ಕು ಪೂರ್ತಿ ಟೈಲ್ಸ್ ಕೂರಿಸಿದರೆ ಎರಡೂ ಮೂಲೆಗೆ ಅರ್ಧಕ್ಕಿಂತ ಜಾಸ್ತಿ ಅಗಲದ ತುಂಡು ಬರುತ್ತದೆ. ಒಂದು ಟೈಲ್ ಜಾಸ್ತಿ ಹೋಗುವುದಿಲ್ಲ. ಎರಡೂ ರೀತಿಗೂ 10 ಟೈಲ್ಸೇ. ನಿಮ್ಮ ಮೇಸ್ತ್ರಿಗೆ ಮೊದಲು ಒಣದಾಗಿ ಕಟ್ಟೆ ಮೇಲೆ ಜೋಡಿಸಿ ತೋರಿಸಲು ಹೇಳಿ.

ಟೈಲ್ಸಿನ ತಳ ಕಟ್ಟೆ ಕಲ್ಲಿನ ಮೇಲೆ ಬರಬೇಕು. ಕಲ್ಲಿಗೆ ಒತ್ತಿ ಕೂರಿಸಬಾರದು, 2-3 ಮಿಲಿಮೀಟರ್ ಬಿಟ್ಟು ಅಲ್ಲಿ ಸಿಲಿಕಾನ್ (ರಬ್ಬರಿನಂತೆ ಬಗ್ಗುವ ಅಂಟು) ತುಂಬಬೇಕು. ಕಲ್ಲು ಒಂದು ರೀತಿ ಅಲುಗುತ್ತದೆ, ಗೋಡೆ ಒಂದು ರೀತಿ. ಅಲ್ಲಿ ಗ್ರೌಟ್ ತುಂಬಿದರೆ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಇಳಿದು ಕೆಳಗಿನ ಕಪಾಟಿನ ಪ್ಲೈ ಊದಿಕೊಳ್ಳುತ್ತದೆ. ಜನ ಪ್ಲೈವುಡ್ ಕೆಟ್ಟದ್ದು ಅಂದುಕೊಳ್ಳುತ್ತಾರೆ.

ಸಿಮೆಂಟಲ್ಲಿ ಕೂರಿಸುವುದೋ ಗಮ್ಮಲ್ಲೋ (ಟೈಲ್ಸ್ ಅಂಟಿಸುವ ರೆಡಿಮೇಡ್ ಅಂಟು) ಅಂತಲೂ ಕೇಳಿಕೊಳ್ಳಿ. ಗೋಡೆಯ ಸೆರಾಮಿಕ್ ಟೈಲ್ಸ್ ನೀರು ಕುಡಿಯುತ್ತವೆ. ಸಿಮೆಂಟಲ್ಲಿ ಹಾಕುವುದಾದರೆ ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೇ ಎಳೆದುಕೊಂಡು ಹಿಡಿತ ಸಿಗುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಗಮ್ಮೇ ಬೇಕು. ಒಣಗಿದ ಮೇಲೆ ಒಂದು ನಾಣ್ಯ ತೆಗೆದುಕೊಂಡು ಎಲ್ಲದರ ಮೇಲೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಜಾಯಿಂಟ್ ತುಂಬುವ ಮುಂಚೆಯೇ ಬಿಚ್ಚಿಸಿ.

ತೂಗುಮಂಚ, ಬೆಂಗಳೂರು

ಮೇಸ್ತ್ರಿ ಅವರೇ, ಸಿಲಿಕಾನ್ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮ ಸಿಂಕ್ ಪಕ್ಕದ ಕಪಾಟು ಊದಿಕೊಂಡಿರುವುದು ಯಾಕೆ ಅಂತ ಈಗ ಗೊತ್ತಾಯಿತು.

ಹಳೇ ಮನೆ, ಶಿವಮೊಗ್ಗ

ನನಗೂ ಇದೇ ಚಿಂತೆ, ಅದಕ್ಕೆ ಇಲ್ಲೇ ಕೇಳುತ್ತೇನೆ. ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ಹೊಂದುತ್ತದೆ ಅಂತ ಅತ್ತಂಗುಡಿ ಟೈಲ್ಸನ್ನು ಒಲೆ ಹಿಂದೆ ಹಾಕಿಸಬಹುದಾ?

ಸುಣ್ಣದ ನೀರು, ತುಮಕೂರು

ಅದು ತಮಿಳುನಾಡಿನ ಚೆಟ್ಟಿನಾಡು ಕಡೆ ಗಾಜಿನ ಹಲಗೆ ಮೇಲೆ ಬಣ್ಣ, ಸಿಮೆಂಟು, ಮರಳು ಹಾಕಿ ಕೈಯಲ್ಲಿ ಮಾಡುವ ಟೈಲ್ಸ್. ಸುಡುವುದಿಲ್ಲ, ಮೇಲೆ ಗಾಜಿನಂಥ ಲೇಪ ಇರುವುದಿಲ್ಲ. ನಡೆದಾಡಿ, ಒರೆಸಿ ಹೊಳಪು ಬರುವ ನೆಲದ ಟೈಲ್ಸ್ ಅದು. ಒಲೆ ಹಿಂದೆ ಹಾಕಿದರೆ ಇಡೀ ಟೈಲೇ ಗ್ರೌಟ್ ಇದ್ದ ಹಾಗೆ, ಎಣ್ಣೆ ಕುಡಿಯುತ್ತದೆ. ಹಿತ್ತಾಳೆ ಪಾತ್ರೆಯ ಕಿಲುಬು ತೆಗೆಯುವ ಹುಣಸೆಹಣ್ಣು ಸಿಮೆಂಟನ್ನೂ ಅಮೃತಶಿಲೆಯನ್ನೂ ತಿನ್ನುತ್ತದೆ. ನೆಲಕ್ಕೆ ಹಾಕಿಸಿ, ಚೆನ್ನಾಗಿರುತ್ತದೆ.

ಕಾಫಿ ಡಬರಿ, ಮೈಸೂರು

ಟೀಚರ್ ಹೇಳಿದ ಪರೀಕ್ಷೆ ಮಾಡಿದೆ. ಅತ್ತೆ ಖುದ್ದಾಗಿ ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಅರಿಶಿನ, ಇಂಗು ಎಲ್ಲ ಹಾಕಿ ಸುರಿದರು. ರಾತ್ರಿ ಪೂರ್ತಿ ಇಟ್ಟೆವು.

ದಂತದ ಬಣ್ಣದ ಗ್ಲಾಸಿ ಮೇಲೆ ಏನೂ ಉಳಿಯಲಿಲ್ಲ. ಚಿಕ್ಕದರ ಮೇಲೂ ಇಲ್ಲ. ಆದರೆ ಅದರ ಒಂದು ಅಂಚಿನವರೆಗೆ ಹೊಳಪಿನ ಲೇಪ ಪೂರ್ತಿ ಬಂದಿರಲಿಲ್ಲ, ಅಲ್ಲಿ ಮಾತ್ರ ಹಳದಿ ಹತ್ತಿತು. ಮ್ಯಾಟ್ ಚಿತ್ತಾರದ ತಗ್ಗುಗಳಲ್ಲಿ ಹಳದಿ ನೆರಳು ಉಳಿದಿದೆ, ಮೂರು ಸಲ ಒರೆಸಿದರೂ ಹೋಗಲಿಲ್ಲ. ಹುಬ್ಬಳ್ಳಿ ಅಕ್ಕ ಹೇಳಿದ್ದು ಸರಿ, ಅದು ಪಟ್ಟಿಯಿಂದ ಹೊರಗೆ.

ನಿಜವಾಗಿ ಗಾಬರಿ ಆಗಿದ್ದು ಗ್ರೌಟ್ ನೋಡಿ. ಸಿಮೆಂಟಿನ ಗೆರೆ ಕುಂಕುಮ ಬಿದ್ದ ಹಾಗೆ ಕೆಂಪಾಗಿದೆ. ಎಪಾಕ್ಸಿ ಗೆರೆ ಹಾಗೇ ಇದೆ. ಅತ್ತೆ ಎರಡನ್ನೂ ಕಿಟಕಿ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

ಈಗ ನನ್ನ ಯೋಚನೆ ಹೀಗಿದೆ. ಒಲೆ ಇರುವ 9 ಅಡಿ ಗೋಡೆಗೆ ದೊಡ್ಡ ಟೈಲ್ಸ್, ನಿಲ್ಲಿಸಿ. ಸಿಂಕ್ ಮತ್ತು ಕಾಫಿ ಫಿಲ್ಟರ್ ಇರುವ 6 ಅಡಿ ಗೋಡೆಗೆ ಚಿಕ್ಕದು. ಎರಡಕ್ಕೂ ಎಪಾಕ್ಸಿ. ಅಲ್ಲಿ ಎಣ್ಣೆ ಸಿಡಿಯುವುದಿಲ್ಲ, ನೀರು ಅಷ್ಟೇ. ಸರಿ ಬರುತ್ತದಾ?

ತೂಗುಮಂಚ, ಬೆಂಗಳೂರು

ನನಗೆ ಒಪ್ಪಿಗೆ ಇಲ್ಲ. 15 ಅಡಿ ಕಟ್ಟೆಯಲ್ಲಿ ಎರಡು ಬಗೆ ಹಾಕಿದರೆ ಉಳಿದಿದ್ದನ್ನು ತಂದು ಅಂಟಿಸಿದ ಹಾಗೆ ಕಾಣುತ್ತದೆ. ಒಂದೇ ಹಾಕಿಸಿ.

ದೂರದ ದೀಪ, ನ್ಯೂಜೆರ್ಸಿ

ಬಣ್ಣ ಬೇರೆ ಬೇರೆ ಆದರೆ ಹಾಗೆ ಕಾಣುತ್ತದೆ. ಎರಡೂ ದಂತದ ಬಣ್ಣ, ಎರಡಕ್ಕೂ ಒಂದೇ ಗ್ರೌಟ್ ಬಣ್ಣ ಇದ್ದರೆ ಒಂದು ಕುಟುಂಬದಂತೆ ಇರುತ್ತದೆ. ಕೂಡುವುದೂ ಮೂಲೆಯಲ್ಲೇ, ಗೋಡೆಯ ನಡುವೆ ಅಲ್ಲ. ಚಿಕ್ಕದು ದಂತದ ಬಣ್ಣದಲ್ಲಿ ಸಿಗುತ್ತದಾ ನೋಡಿ.

ರಸಮಟ್ಟ, ರಾಮನಗರ

ಮಾಡಬಹುದು ಮೇಡಂ. ಆದರೆ ಎರಡು ಟೈಲ್ಸಿನ ದಪ್ಪ ಮೊದಲೇ ನೋಡಿಕೊಳ್ಳಿ. 6 ಅಡಿ ಗೋಡೆ 12 ಚದರ ಅಡಿ, ಚಿಕ್ಕದು 96 ಬೇಕು, ಒಡೆಯುವುದಕ್ಕೆ ಅಂತ 10 ಸೇರಿಸಿ. ದೊಡ್ಡದು 10 ಬೇಕು. ಬಾಕ್ಸಿಗೆ 5 ಇರುತ್ತದೆ, ಎರಡೇ ಬಾಕ್ಸ್ ಸಾಕು ಅನ್ನಬೇಡಿ, ಮೂರು ತೆಗೆದುಕೊಳ್ಳಿ. ಸ್ವಿಚ್ ಬಾಕ್ಸಿಗೆ ಕತ್ತರಿಸುವಾಗ ಒಂದಾದರೂ ಒಡೆಯುತ್ತದೆ. ಎಲ್ಲ ಬಾಕ್ಸಿನ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯಾ ಓದಿ ನೋಡಿ. ಒಂದೇ ಡಿಸೈನ್ ಆದರೂ ಬೇರೆ ಬ್ಯಾಚ್ ಆದರೆ ಬಣ್ಣ ಒಂದು ಗುಲಗಂಜಿಯಷ್ಟು ಆಚೀಚೆ ಇರುತ್ತದೆ. ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ, ಗೋಡೆ ಮೇಲೆ ಗೊತ್ತಾಗುತ್ತದೆ.

ಎಪಾಕ್ಸಿ ಮಾಡಿ ಗೊತ್ತಿರುವವರ ಹತ್ತಿರವೇ ಮಾಡಿಸಿ. ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಬೇಕು. ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಆಗಲೇ ಒರೆಸಬೇಕು, ಮಾರನೇ ದಿನ ಬಿಡುವುದಿಲ್ಲ. ಆ ಅಲೆಅಲೆ ಚಿಕ್ಕ ಟೈಲ್ಸಿಗೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ಕೂಲಿ ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ.

ಜೋಳದ ರೊಟ್ಟಿ, ಹುಬ್ಬಳ್ಳಿ

ಅಂಗಡಿಯ ಲೈಟಿನಲ್ಲಿ ಬಣ್ಣ ಆರಿಸಬೇಡಿ ಅಕ್ಕಾರ. ಅಲ್ಲಿ ಬೆಳ್ಳನೆ ಬೆಳಕು, ಮನೆಯಲ್ಲಿ ಹಳದಿ ಬಲ್ಬ್. ನಮ್ಮದು ಅಲ್ಲಿ ಬೂದು ಇತ್ತು, ಮನೆಗೆ ಬಂದ ಮೇಲೆ ಹಸಿರು ಹೊಡೆಯಿತು. ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ, ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿರಿ. ಮಲಗಿಸಿ ನೋಡಿದರೆ ಬೇರೆ ಕಾಣುತ್ತದೆ.

ಕಾಫಿ ಡಬರಿ, ಮೈಸೂರು

ಮೂರು ವಾರ ಆಯಿತು, ಕೆಲಸ ಮುಗಿಯಿತು. ಹೇಗಾಯಿತು ಅಂತ ಬರೆಯಲೇಬೇಕು, ಇಷ್ಟು ಜನ ಸಮಯ ಕೊಟ್ಟಿದ್ದೀರಿ.

ಚಿಕ್ಕದು ದಂತದ ಬಣ್ಣದಲ್ಲಿ ಸಿಕ್ಕಿತು. ದೊಡ್ಡದರ ಮೂರನೇ ಬಾಕ್ಸಿನ ಶೇಡ್ ನಂಬರ್ ಬೇರೆ ಇತ್ತು. ಅಂಗಡಿಯವರು ಏನೂ ವ್ಯತ್ಯಾಸ ಇಲ್ಲ ಅಂದರು. ರಾಮನಗರದ ಮೇಸ್ತ್ರಿ ಹೇಳಿದ್ದು ನೆನಪಾಗಿ ಎರಡು ಟೈಲ್ಸ್ ಹೊರಗೆ ಬಿಸಿಲಿಗೆ ತಂದು ಪಕ್ಕ ಪಕ್ಕ ನಿಲ್ಲಿಸಿದೆ. ಒಂದು ಹಾಲು, ಇನ್ನೊಂದು ಕೆನೆ. ಆರು ದಿನ ಕಾದು ಅದೇ ಶೇಡಿನ ಬಾಕ್ಸ್ ತರಿಸಿಕೊಂಡೆ.

ನಮ್ಮ ಮೇಸ್ತ್ರಿ ಮೂಲೆಯಿಂದಲೇ ಶುರು ಮಾಡಲು ಹೊರಟಿದ್ದರು. ಕಟ್ಟೆ ಮೇಲೆ ಜೋಡಿಸಿ ತೋರಿಸಿ ಅಂದೆ. ಒಂದು ಇಂಚಿನ ಚೂರು ನೋಡಿ ಅವರೇ ಮಧ್ಯಕ್ಕೆ ಗೆರೆ ಎಳೆದರು. ನಾಣ್ಯ ತಟ್ಟಿದಾಗ ಸಿಂಕ್ ಹತ್ತಿರ ಎರಡು ಚಿಕ್ಕ ಟೈಲ್ಸ್ ಟೊಳ್ಳು ಎಂದವು, ಬೇಸರ ಇಲ್ಲದೆ ಬಿಚ್ಚಿ ಮತ್ತೆ ಕೂರಿಸಿದರು. ಮಾರನೇ ದಿನ ಎಪಾಕ್ಸಿ. ಟೈಲ್ಸ್‌ಗಿಂತ ಒಂದು ಛಾಯೆ ಗಾಢ ಇರುವ ಮರಳಿನ ಬಣ್ಣ ಆರಿಸಿದೆ. ತೂಗುಮಂಚ ಅವರೇ, ನಿಮ್ಮ ಮಾತಿಗೆ ಹೆದರಿ ಎರಡು ರಾತ್ರಿ ಯೋಚಿಸಿದೆ. ಫೋಟೋ ಹಾಕಿದ್ದೇನೆ, ನೋಡಿ ನಿಜ ಹೇಳಿ.

ಮೊದಲ ದಿನ ಅತ್ತೆ ತಿಳಿಸಾರು ಮಾಡಿದರು. ಒಗ್ಗರಣೆ ಸಿಡಿಯಿತು. ಸೆರಗಿನ ತುದಿಯಲ್ಲಿ ಒಂದು ಸಲ ಒರೆಸಿ "ಹೋಯ್ತು" ಅಂದರು. ಬೆಳಿಗ್ಗೆ ಕಾಫಿ ಸೋಸುವಾಗ ಮಾತ್ರ ಚಿಕ್ಕ ಟೈಲ್ಸ್ ಇರುವ ಮೂಲೆಯಲ್ಲಿ ನಿಲ್ಲುತ್ತಾರೆ.

ತೂಗುಮಂಚ, ಬೆಂಗಳೂರು

ಫೋಟೋ ನೋಡಿದೆ. ತುಂಬಾ ಚೆನ್ನಾಗಿದೆ. ಮೂಲೆಯಲ್ಲಿ ಎರಡೂ ಕೂಡಿರುವುದು ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ, ನಾನು ಅಂದುಕೊಂಡ ಹಾಗೆ ಇಲ್ಲ. ಆ ಗ್ರೌಟಿನ ಬಣ್ಣದ ನಂಬರ್ ಕೊಡಿ. ನಮ್ಮ ಹಳೇ ಜಾಯಿಂಟ್ ಕೆರೆಸಿ ಎಪಾಕ್ಸಿ ತುಂಬಿಸುತ್ತಿದ್ದೇನೆ.

ರಸಮಟ್ಟ, ರಾಮನಗರ

ಉಳಿದ ಟೈಲ್ಸ್ ಎಷ್ಟು ಮೇಡಂ? ಅಟ್ಟದ ಮೇಲೆ ಇಡುವುದಾದರೆ ಮಲಗಿಸಬೇಡಿ, ಬಾಕ್ಸ್ ಸಮೇತ ನಿಲ್ಲಿಸಿ ಇಡಿ. ಗ್ರೌಟಿನ ನಂಬರನ್ನು ಬಾಕ್ಸಿನ ಮೇಲೇ ಮಾರ್ಕರ್‌ನಲ್ಲಿ ಬರೆದುಬಿಡಿ. ಜೋರು ಆಸಿಡ್ ಹಾಕಿ ತೊಳೆಯಲು ಯಾರಿಗೂ ಬಿಡಬೇಡಿ.

ಕಾಫಿ ಡಬರಿ, ಮೈಸೂರು

ದೊಡ್ಡದು 4, ಚಿಕ್ಕದು 7 ಉಳಿದಿವೆ. ಮಲಗಿಸಿ ಇಟ್ಟಿದ್ದೆ, ಈಗಲೇ ಹತ್ತಿ ನಿಲ್ಲಿಸಿ ಬರುತ್ತೇನೆ.